ಬರದ ಗಾಯವನ್ನು ಅರವತ್ತು ವರ್ಷ ಹೊತ್ತ ಕೈ: ಕಲಾವಿದ ಸೋಮನಾಥ ಹೋರ್ ಬದುಕು

ಮಧುಗಿರಿ: ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯವರಿಗೆ ಬರ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಗಿಡ ಹೊಲದಲ್ಲೇ ಸುಟ್ಟ ಹಾಗೆ ನಿಂತಿರೋದನ್ನ, ಬೋರ್‌ವೆಲ್‌ನಲ್ಲಿ ನೀರಿನ ಬದಲು ಬರೀ ಗಾಳಿ ಬರೋದನ್ನ, ಮನೆಗೆ ಬೀಗ ಹಾಕಿ ಬೆಂಗಳೂರು ಬಸ್ಸು ಹತ್ತೋರನ್ನ ಎಲ್ಲರೂ ಕಂಡವರೇ. ಅದಕ್ಕಿಂತ ಹಿಂದಕ್ಕೆ ಹೋದರೆ ಹಳಬರು ಹೇಳುತ್ತಿದ್ದ ಧಾತು ಈಶ್ವರ ಬರ ಇದೆ. 1876ರಿಂದ 1878ರ ತನಕ ಮೈಸೂರು ಸಂಸ್ಥಾನವನ್ನು ಹಿಂಡಿದ ಆ ಬರಕ್ಕೆ ಹತ್ತು ಲಕ್ಷದಷ್ಟು ಜನ ಬಲಿಯಾದರು ಎಂದು ಅಂದಾಜಿದೆ. ಧಾತು, ಈಶ್ವರ ಎನ್ನೋದು ಆ ಎರಡು ಸಂವತ್ಸರಗಳ ಹೆಸರು. ಸತ್ತವರ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ. ಅವರ ಮುಖ ಹೇಗಿತ್ತು, ಆ ತಾಯಂದಿರು ಮಕ್ಕಳನ್ನು ಹೇಗೆ ಹಿಡಿದುಕೊಂಡಿದ್ದರು ಅನ್ನೋದು ಇವತ್ತು ಹೆಚ್ಚಿನವರಿಗೆ ಗೊತ್ತಿಲ್ಲ.

ದೂರದ ಬಂಗಾಳದಲ್ಲಿ ಇಂಥದ್ದೇ ಒಂದು ಬರ 1943ರಲ್ಲಿ ಬಂತು. ಅಲ್ಲಿ ಸಾಯುತ್ತಿದ್ದವರ ಎದುರು ಕೂತು ಅವರ ಚಿತ್ರ ಬರೆದ ಕೆಲವೇ ಹುಡುಗರಲ್ಲಿ ಒಬ್ಬರು ಸೋಮನಾಥ ಹೋರ್. ಆಗ ಅವರಿಗೆ 22 ವರ್ಷ. ಮುಂದೆ ಅವರು ದೇಶದ ದೊಡ್ಡ ಅಚ್ಚುಚಿತ್ರಗಾರರಾದರು, ಐವತ್ತು ದಾಟಿದ ಮೇಲೆ ಶಿಲ್ಪಿಯೂ ಆದರು. ಮರ, ತಗಡು, ಕಾಗದ, ಮೇಣ, ಕಂಚು ಹೀಗೆ ಕೈಗೆ ಸಿಕ್ಕ ವಸ್ತು ಬದಲಾಗುತ್ತಾ ಹೋಯಿತು. ಮನಸ್ಸಿನಲ್ಲಿ ಕೂತಿದ್ದ ವಿಷಯ ಮಾತ್ರ ಬದಲಾಗಲಿಲ್ಲ. ಅದು ಗಾಯ. 2006ರ ಅಕ್ಟೋಬರ್ 1ರಂದು ತೀರಿಕೊಳ್ಳುವ ತನಕ ಅವರು ಅದನ್ನೇ ಮಾಡುತ್ತಾ ಹೋದರು.

ಚಿತ್ತಗಾಂಗ್‌ನ ಹಳ್ಳಿ ಹುಡುಗ

ಸೋಮನಾಥ ಹುಟ್ಟಿದ್ದು 1921ರ ಏಪ್ರಿಲ್ 13ರಂದು, ಚಿತ್ತಗಾಂಗ್ ಜಿಲ್ಲೆಯ ಬರಮಾ ಅನ್ನೋ ಹಳ್ಳಿಯಲ್ಲಿ. ಇವತ್ತು ಆ ಊರು ಬಾಂಗ್ಲಾದೇಶದಲ್ಲಿದೆ. ಚಿಕ್ಕ ವಯಸ್ಸಿಗೇ ತಂದೆ ಹೋದರು. ಚಿಕ್ಕಪ್ಪನ ಆಸರೆಯಲ್ಲಿ ಓದು ನಡೀತು. ಚಿತ್ರ ಬರೆಯೋ ಹುಚ್ಚು ಮೊದಲಿಂದಲೂ ಇತ್ತು, ಆದರೆ ಕಲಿಸೋರು ಯಾರೂ ಇರಲಿಲ್ಲ. ಯೌವನದಲ್ಲಿ ಕಮ್ಯುನಿಸ್ಟ್ ಪಕ್ಷದ ಸಂಪರ್ಕ ಬಂತು. ಪಕ್ಷಕ್ಕೆ ಪೋಸ್ಟರ್ ಬರೆದುಕೊಡೋದೇ ಅವರ ಮೊದಲ ಕಲಾಶಾಲೆ ಆಯಿತು ಅನ್ನಬಹುದು.

ಅದು ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ದೇಶ ಜಪಾನಿನ ಕೈಗೆ ಹೋಯಿತು. ಚಿತ್ತಗಾಂಗ್ ಆ ಗಡಿಗೆ ಹತ್ತಿರದ ಊರು. ಜಪಾನಿ ವಿಮಾನಗಳು ಬಂದು ಬಾಂಬ್ ಹಾಕಿದವು. ಸೀಳಿ ಹೋದ ಮನುಷ್ಯರ ಮೈಯನ್ನು ಆ ಕಡೆಯ ಜನ ಮೊದಲ ಸಲ ಕಂಡಿದ್ದು ಆಗ. ಅದರ ಬೆನ್ನಿಗೇ ಹಸಿವು ಬಂತು.

ಅಕ್ಕಿ ಇತ್ತು, ಕೊಳ್ಳೋಕೆ ದುಡ್ಡಿರಲಿಲ್ಲ

ಬಂಗಾಳದ ಬರ ನಮ್ಮ ಬಯಲುಸೀಮೆಯ ಬರದ ಥರ ಬರೀ ಮಳೆ ಹೋಗಿ ಬಂದದ್ದಲ್ಲ. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. 1942ರ ಅಕ್ಟೋಬರ್‌ನಲ್ಲಿ ಚಂಡಮಾರುತ ಬಂದು ಮಿಡ್ನಾಪುರ ಕಡೆಯ ಬೆಳೆ ಕೊಚ್ಚಿಕೊಂಡು ಹೋಯಿತು. ಜಪಾನಿನವರು ಬಂದರೆ ಅವರ ಕೈಗೆ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿ ಹಳ್ಳಿಗಳ ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿತು, ಮಿಕ್ಕ ಅಕ್ಕಿಯನ್ನೂ ಸಾಗಿಸಿತು. ಹೊಳೆ, ಕಾಲುವೆಗಳ ಆ ನಾಡಲ್ಲಿ ದೋಣಿ ಹೋದ ಮೇಲೆ ಮೀನೂ ಇಲ್ಲ, ವ್ಯಾಪಾರವೂ ಇಲ್ಲ. ಮೇಲಿಂದ ಸೈನ್ಯದ ಖರೀದಿ, ಗೋದಾಮಿನಲ್ಲಿ ಮುಚ್ಚಿಟ್ಟ ದಾಸ್ತಾನು. ಅಕ್ಕಿ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು.

ಕೂಲಿಯವನ ದಿನಗೂಲಿ ಮಾತ್ರ ಆ ಲೆಕ್ಕದಲ್ಲಿ ಏರಲಿಲ್ಲ. ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೊಳ್ಳೋ ಶಕ್ತಿ ಇಲ್ಲದೆ ಜನ ಸತ್ತರು ಅನ್ನೋದನ್ನ ಮುಂದೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಲೆಕ್ಕ ಸಮೇತ ತೋರಿಸಿದರು. ಹಸಿವು ಮತ್ತು ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದ ಸತ್ತವರು 20 ಲಕ್ಷದಿಂದ 30 ಲಕ್ಷ ಅಂತ ಅಂದಾಜು. ಹಳ್ಳಿಯ ಜನ ಗಂಜಿ ನೀರು ಸಿಕ್ಕೀತು ಅಂತ ಕಲ್ಕತ್ತಾಕ್ಕೆ ನಡೆದುಕೊಂಡು ಬಂದು ಫುಟ್‌ಪಾತ್ ಮೇಲೆ ಸತ್ತರು.

ಇದೇ ಹೊತ್ತಲ್ಲಿ ಚಿತ್ತಗಾಂಗ್‌ನಲ್ಲಿದ್ದ ಇನ್ನೊಬ್ಬ ಕಲಾವಿದ ಚಿತ್ತಪ್ರಸಾದ್, ಸೋಮನಾಥರನ್ನು ಜೊತೆಗೆ ಕರೆದುಕೊಂಡು ಬೀದಿಗೆ ಇಳಿದರು. ಹಸಿದವರನ್ನು ಎದುರಿಗೇ ನೋಡಿ ಬರೆಯಬೇಕು ಅಂತ ಹುಡುಗನಿಗೆ ಹೇಳಿಕೊಟ್ಟರು. ಬೀದಿಬದಿಯಲ್ಲಿ, ಲಂಗರಖಾನೆ ಅಂತ ಕರೆಯುತ್ತಿದ್ದ ಗಂಜಿ ಕೇಂದ್ರಗಳ ಮುಂದೆ ಕೂತು ಸೋಮನಾಥ ಬರೆದರು. ಪಕ್ಕೆಲುಬು ಎದ್ದ ಮುದುಕರು, ಬತ್ತಿದ ಎದೆಗೆ ಮಗುವನ್ನು ಒತ್ತಿಕೊಂಡ ತಾಯಿ, ಎದ್ದು ನಿಲ್ಲೋಕೂ ಆಗದ ಮಕ್ಕಳು. ಇವರ ಚಿತ್ರಗಳು ಪಕ್ಷದ ಪತ್ರಿಕೆ ಜನಯುದ್ಧದಲ್ಲಿ ಅಚ್ಚಾದವು. ಚಿತ್ತಪ್ರಸಾದ್ ಮಾಡಿದ ಹಸಿದ ಬಂಗಾಳ ಎಂಬ ಅರ್ಥದ ಹೆಸರಿನ ಪುಸ್ತಕವನ್ನಂತೂ ಬ್ರಿಟಿಷ್ ಸರ್ಕಾರ ಹಿಡಿದು ಸುಟ್ಟುಹಾಕಿತು. ಚಿತ್ರಕ್ಕೆ ಸರ್ಕಾರ ಹೆದರುತ್ತೆ ಅನ್ನೋದು ಆ ಹುಡುಗನಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಹಸಿದವನ ಎದುರು ಪೆನ್ಸಿಲ್ ಹಿಡಿದು ಕೂರೋದು ಸುಲಭದ ಕೆಲಸ ಅಲ್ಲ. ಬರೆಯೋನ ಕೈಯಲ್ಲಿ ಕೊಡೋಕೆ ಅನ್ನ ಇಲ್ಲ. ಚಿತ್ರ ಮುಗಿಯೋದರೊಳಗೆ ಎದುರಿಗೆ ಇದ್ದವನು ಇಲ್ಲವಾಗಬಹುದು. ಆ ಅಸಹಾಯಕತೆ ಸೋಮನಾಥರ ಒಳಗೆ ಕೂತುಬಿಟ್ಟಿತು. ಬರ ಮುಗಿದ ಮೇಲೂ ಅದು ಹೋಗಲಿಲ್ಲ.

ಅಚ್ಚಿನ ಕೆಲಸ ಕಲಿತದ್ದು

ಪಕ್ಷದ ನೆರವಿನಿಂದಲೇ ಸೋಮನಾಥ ಕಲ್ಕತ್ತಾದ ಸರ್ಕಾರಿ ಕಲಾ ಕಾಲೇಜಿಗೆ ಸೇರಿದರು. ಬರದ ಚಿತ್ರಗಳಿಗೆ ಹೆಸರಾದ ಜೈನುಲ್ ಆಬೇದಿನ್ ಆಗ ಅಲ್ಲಿ ಮೇಷ್ಟ್ರು. ಮರದ ಅಚ್ಚಿನ ಕೆಲಸವನ್ನು ಸಫಿಯುದ್ದೀನ್ ಅಹಮದ್ ಅವರ ಬಳಿ ಕಲಿತರು.

ಹಳೇ ಪ್ರಿಂಟಿಂಗ್ ಪ್ರೆಸ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಲಗ್ನಪತ್ರಿಕೆಯ ಮೇಲ್ಗಡೆ ಗಣಪತಿ ಬರೋಕೆ ಒಂದು ಬ್ಲಾಕ್ ಇರುತ್ತಿತ್ತು. ಅದರಲ್ಲಿ ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತೆ, ತಗ್ಗಿನ ಭಾಗ ಕಾಗದದಲ್ಲಿ ಬಿಳಿಯಾಗೇ ಉಳಿಯುತ್ತೆ. ಮರದ ಅಚ್ಚುಚಿತ್ರವೂ ಹಾಗೇ. ಹಲಗೆಯ ಮೇಲೆ ಚಿತ್ರವನ್ನು ಎಡಬಲ ತಿರುವಿ ಬರೆದು, ಬೇಡದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆಯಬೇಕು. ಒಂದೇ ಹಲಗೆಯಿಂದ ಎಷ್ಟೋ ಪ್ರತಿ ತೆಗೀಬಹುದು, ಖರ್ಚು ಕಮ್ಮಿ, ಬಡವರ ಗೋಡೆಗೂ ಹೋಗುತ್ತೆ. ಚೀನಾದಲ್ಲಿ ಯುದ್ಧಕಾಲದ ಕಲಾವಿದರು ಇದನ್ನೇ ಮಾಡಿದ್ದರು. ಜರ್ಮನಿಯಲ್ಲಿ ಕೇಟೆ ಕೋಲ್ವಿಟ್ಸ್ ಅನ್ನೋ ಹೆಣ್ಣುಮಗಳು, ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿ, ಅಚ್ಚುಚಿತ್ರ ಮತ್ತು ಶಿಲ್ಪ ಎರಡರಲ್ಲೂ ದುಃಖವನ್ನೇ ಕೆತ್ತಿದ್ದರು. ಇವರೆಲ್ಲರ ಕೆಲಸ ಸೋಮನಾಥರಿಗೆ ದಾರಿ ತೋರಿಸಿತು.

ವಾರದ ಜಗಳ, ತೇಭಾಗಾ ಡೈರಿ

1946ರ ಕೊನೆಯಲ್ಲಿ ಬಂಗಾಳದ ಗೇಣಿ ರೈತರು ಎದ್ದು ನಿಂತರು. ನಮ್ಮ ಕಡೆ ವಾರಕ್ಕೆ ಹೊಲ ಮಾಡೋದು ಅನ್ನುತ್ತೀವಲ್ಲ, ಅದೇ ಪದ್ಧತಿ. ಉಳೋನು ಬೆವರು ಸುರಿಸಿ ಬೆಳೆದ ಭತ್ತದಲ್ಲಿ ಅರ್ಧ ಜಮೀನ್ದಾರನಿಗೆ. ಅದೂ ಸಾಲದು ಅಂತ ಪೈರು ಕೊಯ್ದು ಜಮೀನ್ದಾರನ ಕಣಕ್ಕೇ ಹೊರಬೇಕು, ಅಲ್ಲಿ ಅವನು ಅಳೆದು ಕೊಟ್ಟಷ್ಟೇ ಲೆಕ್ಕ. ಮೂರರಲ್ಲಿ ಎರಡು ಭಾಗ ಉಳೋನಿಗೆ ಬೇಕು, ಪೈರು ಉಳೋನ ಕಣಕ್ಕೇ ಬರಬೇಕು ಅಂತ ಹೋರಾಟ ಶುರುವಾಯಿತು. ಅದಕ್ಕೆ ತೇಭಾಗಾ, ಅಂದರೆ ಮೂರು ಪಾಲು ಅಂತ ಹೆಸರು ಬಂತು. ಕರ್ನಾಟಕದಲ್ಲಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕೊಳಗದ ಅಳತೆಯ ವಿಚಾರಕ್ಕೆ ಗೇಣಿದಾರರು ಎದ್ದದ್ದು ಇದಾದ ಐದು ವರ್ಷಕ್ಕೆ. 1974ರ ಭೂಸುಧಾರಣೆಯಲ್ಲಿ ಪಹಣಿಗೆ ಹೆಸರು ಬಂದ ಮನೆಗಳು ನಮ್ಮ ತಾಲ್ಲೂಕುಗಳಲ್ಲೂ ಬೇಕಾದಷ್ಟಿವೆ. ಅವರಿಗೆ ಈ ಕಥೆ ಹೊಸದಲ್ಲ.

ಪಕ್ಷ ಸೋಮನಾಥರನ್ನು ಉತ್ತರ ಬಂಗಾಳದ ರಂಗಪುರಕ್ಕೆ ಕಳಿಸಿತು. ಹಳ್ಳಿ ಹಳ್ಳಿ ನಡೆದು, ರೈತರ ಮನೆಯಲ್ಲೇ ಉಂಡು, ಅಲ್ಲೇ ಮಲಗಿ ದಿನಾ ಡೈರಿ ಬರೆದರು, ಜೊತೆಗೆ ಚಿತ್ರ ಬರೆದರು. ರಾತ್ರಿ ಲಾಟೀನು ಬೆಳಕಲ್ಲಿ ನಡೆಯೋ ಸಭೆ, ಕೋಲು ಹಿಡಿದು ಪೈರು ಕಾಯೋರು, ಪೈರಿನ ಹೊರೆ ಹೊತ್ತು ತಮ್ಮ ಕಣಕ್ಕೆ ಬರೋ ಗಂಡಸರು ಹೆಂಗಸರು. ಬರದ ಚಿತ್ರಗಳಲ್ಲಿ ಜನ ನೆಲಕ್ಕೆ ಬಿದ್ದಿದ್ದರೆ ಇಲ್ಲಿ ಜನ ಎದ್ದು ನಿಂತಿದ್ದರು. ಮರುವರ್ಷ 1947ರಲ್ಲಿ ಚಹಾ ತೋಟದ ಕೂಲಿಗಳ ನಡುವೆ ಹೋಗಿ ಅಲ್ಲಿಯದ್ದನ್ನೂ ಹಾಗೇ ಬರೆದರು. ಈ ಎರಡೂ ಡೈರಿಗಳು ಎಷ್ಟೋ ವರ್ಷ ಆದ ಮೇಲೆ ಪುಸ್ತಕವಾಗಿ ಬಂದವು. ಚರಿತ್ರೆ ಓದೋರು ಇವತ್ತೂ ಅವನ್ನು ತೆಗೆದು ನೋಡುತ್ತಾರೆ.

1947ರಲ್ಲೇ ದೇಶ ಇಬ್ಭಾಗ ಆಯಿತು. ಚಿತ್ತಗಾಂಗ್ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಹುಟ್ಟಿದೂರು ಬೇರೆ ದೇಶ ಆಗಿಬಿಟ್ಟಿತು. ಮರುವರ್ಷ ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧ ಬಂತು. ಸೋಮನಾಥ ತಲೆಮರೆಸಿಕೊಂಡು ಓಡಾಡಬೇಕಾಯಿತು, ಓದು ಅರ್ಧಕ್ಕೆ ನಿಂತಿತು. ಐವತ್ತರ ದಶಕದ ನಡುವೆ ಅವರು ಪಕ್ಷದ ಸದಸ್ಯತ್ವದಿಂದ ದೂರ ಸರಿದರು. ಜಗಳ ಆಡಿಕೊಂಡು, ಹೇಳಿಕೆ ಕೊಟ್ಟುಕೊಂಡು ಹೊರಗೆ ಬರಲಿಲ್ಲ. ಕೆಲಸದ ಕಡೆಗೆ ತಿರುಗಿದರು ಅಷ್ಟೇ. ಹೆಂಡತಿ ರೇಬಾ ಹೋರ್ ಕೂಡ ಒಳ್ಳೆಯ ಚಿತ್ರಕಲಾವಿದೆ.

ಆಸಿಡ್ ತಿಂದ ತಗಡು

1958ರಲ್ಲಿ ಸೋಮನಾಥ ದೆಹಲಿ ಪಾಲಿಟೆಕ್ನಿಕ್‌ನ ಕಲಾ ವಿಭಾಗಕ್ಕೆ ಮೇಷ್ಟ್ರಾಗಿ ಹೋದರು. 1967ರ ತನಕ ಅಲ್ಲಿದ್ದು ಅಚ್ಚುಚಿತ್ರ ವಿಭಾಗವನ್ನು ನಿಲ್ಲಿಸಿದರು. ದೇಶದಲ್ಲಿ ಆಗ ಅಚ್ಚುಚಿತ್ರ ಅಂದರೆ ಪುಸ್ತಕಕ್ಕೆ ಚಿತ್ರ ಮಾಡೋ ಕೆಲಸ ಅಂತಲೇ ತುಂಬ ಜನ ತಿಳಿದಿದ್ದರು. ಅದಕ್ಕೆ ಸ್ವಂತ ಜಾಗ ಇದೆ ಅಂತ ತೋರಿಸಿಕೊಟ್ಟವರಲ್ಲಿ ಇವರು ಮುಖ್ಯರು.

ದೆಹಲಿಯಲ್ಲಿ ಅವರು ಮರ ಬಿಟ್ಟು ಲೋಹದ ತಗಡಿಗೆ ಬಂದರು. ಎಚ್ಚಿಂಗ್ ಅನ್ನೋ ವಿಧಾನದಲ್ಲಿ ತಾಮ್ರ ಇಲ್ಲವೇ ಸತುವಿನ ತಗಡಿಗೆ ಮೇಣದಂಥ ಲೇಪ ಬಳಿಯುತ್ತಾರೆ. ಸೂಜಿಯಿಂದ ಗೀರಿದ ಕಡೆ ಲೇಪ ಹೋಗಿ ಲೋಹ ಕಾಣುತ್ತೆ. ತಗಡನ್ನು ಆಸಿಡ್‌ಗೆ ಹಾಕಿದರೆ ಗೀರಿದ ಜಾಗವನ್ನು ಆಸಿಡ್ ತಿಂದು ತಗ್ಗು ಮಾಡುತ್ತೆ. ಆಮೇಲೆ ತಗ್ಗಿನೊಳಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಗಾಣದಂಥ ಯಂತ್ರದಲ್ಲಿ ಒತ್ತುತ್ತಾರೆ. ಇಲ್ಲಿ ಲಗ್ನಪತ್ರಿಕೆ ಬ್ಲಾಕಿನ ಉಲ್ಟಾ ಲೆಕ್ಕ. ತಗ್ಗೇ ಚಿತ್ರ ಆಗೋದು. ಗಾಯ ಆದ ಕಡೆಯಲ್ಲೇ ಗೆರೆ ಹುಟ್ಟೋದು.

ಅರವತ್ತರ ದಶಕದ ಶುರುವಿಗೆ ಅವರಿಗೆ ಲಲಿತಕಲಾ ಅಕಾಡೆಮಿಯ ರಾಷ್ಟ್ರ ಪ್ರಶಸ್ತಿ ಬಂತು. ಬಿಳಿ ಗುಲಾಬಿಯ ಹುಟ್ಟು ಎಂಬ ಅರ್ಥದ ಹೆಸರಿನ ಬಣ್ಣದ ಅಚ್ಚುಚಿತ್ರ ಆ ಕಾಲದ್ದೇ. ಕೈಯಲ್ಲಿ ನೌಕರಿ, ಪ್ರಶಸ್ತಿ, ದೇಶದ ರಾಜಧಾನಿಯಲ್ಲಿ ಹೆಸರು. ಇನ್ನೊಬ್ಬರಾಗಿದ್ದರೆ ಅಲ್ಲೇ ಕೂರುತ್ತಿದ್ದರು. ಸೋಮನಾಥ 1967ರಲ್ಲಿ ದೆಹಲಿ ಬಿಟ್ಟು ಬಂಗಾಳಕ್ಕೆ ವಾಪಸ್ ಹೊರಟರು.

ಧಾರವಾಡದವರ ಕರೆ

ಇಲ್ಲೊಂದು ಕನ್ನಡ ನಾಡಿನ ನಂಟು ಇದೆ. ರವೀಂದ್ರನಾಥ ಟ್ಯಾಗೋರರು 1919ರಲ್ಲಿ ಶಾಂತಿನಿಕೇತನದಲ್ಲಿ ಶುರು ಮಾಡಿದ ಕಲಾಭವನಕ್ಕೆ ಅರವತ್ತರ ದಶಕದ ಕೊನೆಯಲ್ಲಿ ಮುಖ್ಯಸ್ಥರಾಗಿದ್ದವರು ದಿನಕರ ಕೌಶಿಕ್. ಅವರು ಹುಟ್ಟಿದ್ದು ಧಾರವಾಡದಲ್ಲಿ. ಹಳೇ ಹೆಸರಿನ ಮೇಲೇ ನಡೆಯುತ್ತಿದ್ದ ಕಲಾಭವನಕ್ಕೆ ಹೊಸ ರಕ್ತ ಬೇಕು ಅಂತ ಅವರು ಬೇರೆ ಬೇರೆ ಕಡೆಯಿಂದ ಕಲಾವಿದರನ್ನು ಕರೆತಂದರು. ಅವರಲ್ಲಿ ಸೋಮನಾಥ ಹೋರ್ ಒಬ್ಬರು. ಅಚ್ಚುಚಿತ್ರ ವಿಭಾಗದ ಹೊಣೆ ಇವರಿಗೆ ಬಂತು. ಆ ಆವರಣದಲ್ಲಿ ರಾಮ್‌ಕಿಂಕರ್ ಬೈಜ್ ಸಿಮೆಂಟು, ಜಲ್ಲಿ ಕಲಸಿ ಬಯಲಲ್ಲೇ ನಿಲ್ಲಿಸಿದ್ದ ದೊಡ್ಡ ದೊಡ್ಡ ಶಿಲ್ಪಗಳಿದ್ದವು. ಸೋಮನಾಥ ಉಳಿದ ಬದುಕನ್ನೆಲ್ಲ ಆ ಊರಲ್ಲೇ ಕಳೆದರು.

ಬಿಳಿ ಕಾಗದದ ಮೇಲೆ ಬಿಳಿ ಗಾಯ

ಎಪ್ಪತ್ತರ ದಶಕ ಬಂಗಾಳಕ್ಕೆ ನೆತ್ತರಿನ ಕಾಲ. ನಕ್ಸಲ್ ಗಲಾಟೆಯಲ್ಲಿ ಹುಡುಗರು ಬೀದಿಯಲ್ಲಿ ಬೀಳುತ್ತಿದ್ದರು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ಕಗ್ಗೊಲೆಗೆ ಹೆದರಿ ಒಂದು ಕೋಟಿಯಷ್ಟು ಜನ ಗಡಿ ದಾಟಿ ಭಾರತಕ್ಕೆ ಬಂದರು. ಸೋಮನಾಥ ಹುಟ್ಟಿದ ಚಿತ್ತಗಾಂಗ್ ಕೂಡ ಉರಿಯುತ್ತಿತ್ತು. ಇನ್ನೊಂದು ಕಡೆ ವಿಯೆಟ್ನಾಂ ಯುದ್ಧದ ಸುದ್ದಿ ದಿನಾ ಬರುತ್ತಿತ್ತು. 1943ರಲ್ಲಿ ಕಂಡದ್ದು ಮತ್ತೆ ಎದುರಿಗೆ ಬಂದ ಹಾಗಾಯಿತು.

ಆಗ ಅವರು ಶುರು ಮಾಡಿದ್ದು ಗಾಯಗಳು ಅನ್ನೋ ಸರಣಿ. ಇದರಲ್ಲಿ ಮನುಷ್ಯರೇ ಇಲ್ಲ. ಮುಖ ಇಲ್ಲ, ಕೈಕಾಲಿಲ್ಲ. ಬರೀ ಬಿಳಿ ಕಾಗದ, ಅದರ ಮೇಲೆ ಸೀಳು, ತೂತು, ಬಿರುಕು, ಉಬ್ಬು.

ಮಾಡುತ್ತಿದ್ದ ರೀತಿಯೂ ಬೇರೆ. ಮೊದಲು ಜೇಡಿಮಣ್ಣು ಇಲ್ಲವೇ ಮೇಣದ ಹಲಗೆ ಮಾಡಿಕೊಳ್ಳೋದು. ಅದನ್ನು ಚಾಕುವಿನಿಂದ ಸೀಳೋದು, ಕಾದ ಕಬ್ಬಿಣದಿಂದ ಚುಚ್ಚೋದು, ಸುಡೋದು. ಆಮೇಲೆ ಅದರ ಮೇಲೆ ಸಿಮೆಂಟ್ ಸುರಿದು ಅಚ್ಚು ತೆಗೆಯೋದು. ಕಾಗದವನ್ನು ನೆನೆಸಿ ಅರೆದು ಮಾಡಿದ ತಿರುಳನ್ನು ಆ ಸಿಮೆಂಟ್ ಅಚ್ಚಿಗೆ ಒತ್ತಿ ಒಣಗಿಸೋದು. ಒಣಗಿದ ಮೇಲೆ ಎತ್ತಿದರೆ, ಮಣ್ಣಿನ ಮೇಲೆ ಮಾಡಿದ ಗಾಯ ಕಾಗದದ ಮೈಮೇಲೆ ಹಾಗೇ ಬಂದಿರುತ್ತೆ. ಮಸಿ ಇಲ್ಲ. ಎಲ್ಲೋ ಒಂದೊಂದು ಕಡೆ ಚೂರು ಕೆಂಪು.

ಇದನ್ನು ಅಚ್ಚುಚಿತ್ರ ಅನ್ನಬೇಕೋ ಶಿಲ್ಪ ಅನ್ನಬೇಕೋ ಹೇಳೋದು ಕಷ್ಟ. ಎರಡೂ ಹೌದು. ಊರ ಮುಂದಿನ ಸವೆದ ಶಾಸನದ ಕಲ್ಲನ್ನು ಮಟಮಟ ಮಧ್ಯಾಹ್ನ ನೋಡಿದರೆ ಅಕ್ಷರ ಕಾಣಲ್ಲ. ಸಂಜೆ ಬಿಸಿಲು ಅಡ್ಡ ಬಿದ್ದಾಗ ಒಂದೊಂದೇ ಅಕ್ಷರ ಎದ್ದು ಬರುತ್ತೆ. ಈ ಚಿತ್ರಗಳೂ ಹಾಗೇ, ಬೆಳಕು ಪಕ್ಕದಿಂದ ಬಿದ್ದಾಗಲೇ ಗಾಯ ಕಾಣೋದು. ಯಾರ ಗಾಯ ಅಂತ ಹೇಳಿಲ್ಲ. ಬರದಲ್ಲಿ ಸತ್ತವನದ್ದೋ, ಗುಂಡೇಟು ಬಿದ್ದ ಹುಡುಗನದ್ದೋ, ಗಡಿ ದಾಟಿ ಬಂದ ಹೆಂಗಸಿನದ್ದೋ, ನೋಡೋನ ಮನಸ್ಸಿನೊಳಗಿನದ್ದೋ. ಬಿಳಿ ಗೋಡೆಯ ಹಾಗೆ ಸುಮ್ಮನೆ ಕಾಣೋ ಮನುಷ್ಯರ ಒಳಗೆ ಏನೇನು ಸೀಳಿದೆಯೋ ಯಾರಿಗೆ ಗೊತ್ತು ಅನ್ನೋ ಹಾಗಿದೆ ಆ ಕಾಗದ. ಮನಸ್ಸಿನ ಸಂಗತಿಗೆ ಅವರು ಕೊಟ್ಟ ರೂಪ ಅದು. ಭಾರತದ ಅಚ್ಚುಚಿತ್ರದಲ್ಲಿ ಇದಕ್ಕೆ ಮೊದಲು ಯಾರೂ ಇಂಥದ್ದನ್ನು ಮಾಡಿರಲಿಲ್ಲ ಅಂತ ಬಲ್ಲವರು ಒಪ್ಪುತ್ತಾರೆ.

53ರ ವಯಸ್ಸಿಗೆ ಕಂಚು

1974ರ ಹೊತ್ತಿಗೆ ಸೋಮನಾಥ ಕಂಚಿನ ಶಿಲ್ಪಕ್ಕೆ ಕೈ ಹಾಕಿದರು. ಆಗ ಅವರಿಗೆ 53. ಸರ್ಕಾರಿ ನೌಕರರು ಪಿಂಚಣಿ ಲೆಕ್ಕ ಹಾಕೋ ವಯಸ್ಸು.

ನಾಗಮಂಗಲದ ಕಡೆ ದೇವರ ಉತ್ಸವಮೂರ್ತಿ ಎರಕ ಹೊಯ್ಯೋದನ್ನ ನೋಡಿದವರಿಗೆ ಈ ಕೆಲಸದ ಅಂದಾಜಿರುತ್ತೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ ಒಣಗಿಸಿ ಕಾಯಿಸುತ್ತಾರೆ. ಮೇಣ ಕರಗಿ ಹೊರಗೆ ಹೋಗುತ್ತೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ದೇವರ ಮೂರ್ತಿ ಮಾಡೋರು ಮೇಣವನ್ನು ನಯ ಮಾಡಿ, ಅಳತೆ ಇಟ್ಟು, ಒಂದು ಗೀರೂ ಬರದ ಹಾಗೆ ತೀಡುತ್ತಾರೆ. ಸೋಮನಾಥ ಅದಕ್ಕೆ ಪೂರಾ ತಿರುಗಾ ಮಾಡಿದರು. ಮೇಣವನ್ನು ಹಪ್ಪಳದ ಹಾಗೆ ತೆಳ್ಳಗೆ ಹಾಳೆ ಮಾಡಿ, ಅದನ್ನು ಹರಿದು, ಮಡಿಚಿ, ಸುತ್ತಿ, ಬಿಸಿ ಚಾಕುವಿನಿಂದ ಸೀಳಿ ಮನುಷ್ಯನ ಆಕಾರ ಕೊಟ್ಟರು. ಹಾಗಾಗಿ ಅವರ ಕಂಚಿನ ಮನುಷ್ಯರ ಒಳಗೆ ಟೊಳ್ಳು. ಹೊಟ್ಟೆ ಇರಬೇಕಾದ ಕಡೆ ತೂತು. ಬೆನ್ನು ಹರಿದ ಗೋಣಿಚೀಲದ ಹಾಗೆ. ಅಂಟಿಸಿದ ಗುರುತು, ಸುಟ್ಟ ಗುರುತು ಎಲ್ಲ ಹಾಗೇ ಕಾಣುತ್ತೆ. ಮುಚ್ಚೋ ಪ್ರಯತ್ನ ಅವರು ಮಾಡಲಿಲ್ಲ.

ಹೆಚ್ಚಿನವು ಚಿಕ್ಕ ಮೂರ್ತಿಗಳು, ಎರಡು ಕೈಯಲ್ಲಿ ಎತ್ತಿಕೊಳ್ಳೋ ಅಷ್ಟು. ಹಸಿದ ಮುದುಕ, ಕಾಲು ಮುರಿದ ಹುಡುಗ, ಮಗುವನ್ನು ಅಪ್ಪಿಕೊಂಡ ತಾಯಿ, ಬಡಕಲು ಆಡು, ಬೀದಿ ನಾಯಿ. ಬರದ ವರ್ಷದಲ್ಲಿ ಪಾವಗಡದ ಬಯಲಲ್ಲಿ ಮುಳ್ಳುಕಂಟಿಗೆ ಬಾಯಿ ಹಾಕೋ ಆಡನ್ನು ಕಂಡವರು ಸೋಮನಾಥರ ಆಡನ್ನು ನೋಡಿದರೆ ಇದು ನಮ್ಮೂರದ್ದೇ ಅಂದಾರು. ಆದರೂ ಈ ಮೂರ್ತಿಗಳಲ್ಲಿ ಬರೀ ಸಾವಿಲ್ಲ. ಆ ಟೊಳ್ಳು ಮೈಯ ತಾಯಿ ಮಗುವನ್ನು ಬಿಗಿಯಾಗಿ ಹಿಡಿದಿದ್ದಾಳೆ. ಮುರಿದ ಕಾಲಿನವನು ಎದ್ದು ನಿಂತಿದ್ದಾನೆ.

ರಾತ್ರೋರಾತ್ರಿ ಮಾಯವಾದ ತಾಯಿ

ಈ ಕಂಚಿನ ಕೆಲಸಗಳಲ್ಲಿ ತುಂಬ ದೊಡ್ಡದೊಂದನ್ನು ಸೋಮನಾಥ ವಿಯೆಟ್ನಾಂ ಜನರ ನೋವಿಗೆ, ಅವರ ಗೆಲುವಿಗೆ ಅಂತ ಮಾಡಿದರು. 1975ರ ಏಪ್ರಿಲ್‌ನಲ್ಲಿ ಆ ಯುದ್ಧ ಮುಗಿದಿತ್ತು. ತಾಯಿ ಮತ್ತು ಮಗು. ಅದಕ್ಕಾಗಿ ಅವರು ವರ್ಷಗಟ್ಟಲೆ ಕೂತಿದ್ದರು. 1977ರಲ್ಲಿ ಶಿಲ್ಪ ಮುಗೀತು. ಮುಗಿದ ಬೆನ್ನಲ್ಲೇ ಕಲಾಭವನದಿಂದ ಅದು ಕಳುವಾಯಿತು. ಇವತ್ತಿನ ತನಕ ಸಿಕ್ಕಿಲ್ಲ.

ಮೇಣದಲ್ಲೇ ನೇರವಾಗಿ ಮಾಡಿ ಎರಕ ಹೊಯ್ದ ಶಿಲ್ಪಕ್ಕೆ ಎರಡನೇ ಪ್ರತಿ ಇರಲ್ಲ. ಮೇಣ ಕರಗಿ ಹೋಗಿರುತ್ತೆ, ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ತೆಗೆದಿರುತ್ತಾರೆ. ಅಚ್ಚುಚಿತ್ರವಾದರೆ ಹಲಗೆ ಇರುತ್ತೆ, ಇನ್ನೊಂದು ಪ್ರತಿ ತೆಗೀಬಹುದು. ಇಲ್ಲಿ ಹೋದರೆ ಹೋಯಿತು. ಕಂಚಿಗೆ ಗುಜರಿಯಲ್ಲೂ ಬೆಲೆ ಇದೆ ಅನ್ನೋದು ಅಂಗಡಿ ಇಟ್ಟ ಎಲ್ಲರಿಗೂ ಗೊತ್ತು. ಬರದ ಬೀದಿಯಲ್ಲಿ 22ರ ವಯಸ್ಸಿಗೆ ಕಂಡ ತಾಯಿ, ಮೂವತ್ತು ವರ್ಷಕ್ಕೂ ಮೇಲೆ ಅವರ ಕೈಯಲ್ಲಿ ಕಂಚಾಗಿ ನಿಂತವಳು, ಹೀಗೆ ಹೊರಟುಹೋದಳು.

ಸೋಮನಾಥ ಕೆಲಸ ನಿಲ್ಲಿಸಲಿಲ್ಲ. ಮತ್ತೆ ಮೇಣ ಕಾಯಿಸಿದರು. ಮತ್ತೆ ಚಿಕ್ಕ ಮೂರ್ತಿಗಳು, ಮತ್ತೆ ತಾಯಿ, ಮತ್ತೆ ಮಗು. ನಿವೃತ್ತಿ ಆದ ಮೇಲೂ ಶಾಂತಿನಿಕೇತನದ ಮನೆಯಲ್ಲೇ ಕೂತು ಮಾಡಿದರು. ಸಭೆ, ಸನ್ಮಾನ, ಪ್ರಚಾರ ಅಂದರೆ ದೂರ. ಕೆಲಸ ಕೇಳಿಕೊಂಡು ಬಂದ ವಿದ್ಯಾರ್ಥಿಗೆ ಮಾತ್ರ ಮನೆ ಬಾಗಿಲು ತೆರೆದಿತ್ತು. ದೇಶದ ತುಂಬ ಇವತ್ತು ಅಚ್ಚುಚಿತ್ರ ಕಲಿಸುತ್ತಿರೋ ಎಷ್ಟೋ ಮೇಷ್ಟ್ರುಗಳು ಅವರ ಶಿಷ್ಯರು, ಶಿಷ್ಯರ ಶಿಷ್ಯರು.

85ನೇ ವಯಸ್ಸಿಗೆ ಅವರು ಹೋದರು. ಸತ್ತ ಮರುವರ್ಷ, 2007ರಲ್ಲಿ, ಸರ್ಕಾರ ಪದ್ಮಭೂಷಣ ಕೊಟ್ಟಿತು. ತೆಗೆದುಕೊಳ್ಳೋಕೆ ಅವರಿರಲಿಲ್ಲ.

ನಮಗೇನು ಉಳೀತು

ಬಂಗಾಳದ ಬರ ಆದ ಮರುವರ್ಷ, 1944ರಲ್ಲಿ, ಕಲ್ಕತ್ತಾದಲ್ಲಿ ರೇಷನ್ ಪದ್ಧತಿ ಬಂತು. ಇವತ್ತು ಮಧುಗಿರಿಯಲ್ಲೋ ಶಿರಾದಲ್ಲೋ ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲೋ ಸಾಲಿನ ಹಿಂದೆ ಆ ಕಾಲದ ಸಾವುಗಳೂ ಇವೆ. ಈಗ ಬರ ಬಂದರೂ ಜನ ಹಸಿವಿನಿಂದ ಬೀದಿಯಲ್ಲಿ ಬೀಳಲ್ಲ. ಅದು ಒಳ್ಳೇದೇ. ಆದರೆ ಮೂರನೇ ತಲೆಮಾರಿಗೆ ಹಸಿವು ಅಂದರೆ ಊಟ ಅರ್ಧ ಗಂಟೆ ತಡ ಆಗೋದು ಅನ್ನೋ ಹಾಗಾಗಿದೆ. ಧಾತು ಈಶ್ವರದ ಕಥೆ ಹೇಳೋ ಅಜ್ಜಿಯರು ಈಗ ಊರಿಗೊಬ್ಬರೂ ಸಿಗಲ್ಲ.

ಸೋಮನಾಥ ಹೋರ್ ತಾವು ಕಂಡದ್ದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಮರದಲ್ಲಿ ಕೆತ್ತಿದರು, ತಗಡಿನಲ್ಲಿ ಆಸಿಡ್‌ಗೆ ಕೊಟ್ಟರು, ಕಾಗದದಲ್ಲಿ ಒತ್ತಿದರು, ಕಂಚಿನಲ್ಲಿ ಹೊಯ್ದರು. ಒಂದು ಕಳುವಾದರೆ ಇನ್ನೊಂದು ಮಾಡಿಟ್ಟರು. ಗಾಯ ಮಾಯ್ದು ಹೋದರೆ ಅದು ಹೇಗಾಯಿತು ಅನ್ನೋದೂ ಮರೆತು ಹೋಗುತ್ತೆ ಅನ್ನೋ ಭಯ ಅವರಿಗಿತ್ತೇನೋ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಅವರ ಕೆಲಸಗಳಿವೆ. ಹೆಸರಿಲ್ಲದೆ ಸತ್ತ ಬಂಗಾಳದ ಬಡವರು ಅಲ್ಲಿ ಇವತ್ತಿಗೂ ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಾರೆ.

ನಮ್ಮ ಬಯಲುಸೀಮೆಯಲ್ಲಿ ಧಾತು ಈಶ್ವರಕ್ಕೆ ಸತ್ತವರಿಗೆ ಅಂಥ ಒಂದು ಮೂರ್ತಿಯೂ ಇಲ್ಲ.